ಸೇತುವೆ ಕಟ್ಟಿದ ಝಕರಿಯಾ

ಪಾಣೆಮಂಗಳೂರಿನ ತನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತೆಲ್ಲ ಝಕರಿಯಾ ಒಂದು ಹಳೇ ಕಂಪ್ಯೂಟರ್ ಆಟದ ಕೋಡ್ ಸರಿಪಡಿಸುತ್ತಾನೆ. ಮೂಡಬಿದ್ರೆಯ ಕಾಲೇಜಿನಲ್ಲಿ ಅವನೂ ವೇಣೂರಿನ ಸಮ್ಮೇದನೂ ಸೇರಿ ಬರೆದ, ಇಬ್ಬರು ಯಾತ್ರಿಕರ ಸಾಹಸದ ಆಟ ಅದು. ಸತ್ತ ಮೇಲೂ ಎದ್ದು ಬೆಲ್ಲ ಮಾರುವ ರಾಕ್ಷಸ, ಗೋಡೆಯೊಳಗೆ ನಡೆದುಹೋಗುವ ಕುದುರೆ, ಇಂಥ ಯಾವ ತಪ್ಪನ್ನೂ ಅವನು ತಿದ್ದದೆ ಬಿಟ್ಟಿಲ್ಲ. ಆದರೆ ಸಮ್ಮೇದನ ಒಂದು ಸಾಲು ಅಳಿಸುವಾಗಲೂ ಪಕ್ಕದಲ್ಲಿ "ಬೇಜಾರು ಮಾಡ್ಬೇಡ ಮಾರಾಯ" ಎಂದು ಬರೆದಿಡಬೇಕು. ಈಗ ಕೋಡಿಗಿಂತ ಕ್ಷಮಾಪಣೆಯೇ ಉದ್ದವಾಗಿದೆ. ಆಟದಲ್ಲಿ ಬರುವ ಹೊಳೆಯ ಅಂಬಿಗ ಮಾತ್ರ ಹಾಗೇ ಇದ್ದಾನೆ. ಇಬ್ಬರು ಯಾತ್ರಿಕರೂ ಹತ್ತದೆ ದೋಣಿ ಬಿಡಬಾರದೆಂದು ಸಮ್ಮೇದ ಬರೆದಿದ್ದರಿಂದ, ಒಬ್ಬನೇ ಆಡುವವನಿಗೆ ಹೊಳೆ ದಾಟಲಾಗುತ್ತಿರಲಿಲ್ಲ. "ಅದೊಂದು ಸಾಲು ತೆಗೆದ್ರೆ ಆಯ್ತಲ್ಲ?" ಎಂದು ಹೆಂಡತಿ ಜಸ್ನಾ ಕೇಳಿದರೆ "ನೋಡುವ" ಎನ್ನುತ್ತಿದ್ದ. ನೋಡಿ ನೋಡಿ, ಆ ಸಾಲನ್ನು ಮುಟ್ಟದೆ, ಎರಡು ತಿಂಗಳು ಕೂತು ಹೊಳೆಗೆ ಸೇತುವೆಯನ್ನೇ ಕಟ್ಟಿದ. ಆಡುವವರೆಲ್ಲ ಈಗ ಅದರ ಮೇಲೆ ದಾಟುತ್ತಾರೆ. ಸಮ್ಮೇದ ಬೈಕಿನಿಂದ ಬಿದ್ದು ತೀರಿಕೊಂಡು ಹನ್ನೊಂದು ವರ್ಷವಾಯಿತು. ಅಂಗಡಿ ಮುಚ್ಚುವ ಮೊದಲು ಝಕರಿಯಾ ದಿನಾ ತನ್ನ ಯಾತ್ರಿಕನನ್ನು ದೋಣಿಯಲ್ಲಿ ಕೂರಿಸುತ್ತಾನೆ. ಅಂಬಿಗ ಹೇಳುತ್ತಾನೆ: "ಸ್ವಲ್ಪ ಇರಿ, ಇನ್ನೊಬ್ಬರು ಬರ್ಲಿಕ್ಕುಂಟು."