ಮುಳ್ಳು ಅಳ್ಳಾಡ್ಲಿಲ್ಲ ಅಂತ ಮೇಷ್ಟ್ರಿಗೆ ಹೇಳಿದ್ದು

ಎರಡು ಸಾವಿರದ ಇಸವಿ ಆಸುಪಾಸು ಇರಬೇಕು. ಹೊಳೇನರಸೀಪುರದಲ್ಲಿ ಒಬ್ರು ರಿಟೈರ್ಡ್ ಸೈನ್ಸ್ ಮೇಷ್ಟ್ರಿದ್ರು. ತಾವೇ ಕಟ್ಟಿದ ಹ್ಯಾಮ್ ರೇಡಿಯೋ ಸೆಟ್ಟಲ್ಲಿ ದಿನಾ ಬೆಳಗ್ಗೆ ಅರಕಲಗೂಡಿನ ಸ್ನೇಹಿತರ ಜೊತೆ ಮಾತಾಡೋರು. ಒಂದು ಮಳೆಗಾಲ ಆದ್ಮೇಲೆ ಅವರ ಮಾತು ಇವರಿಗೆ ಕೇಳ್ತಿತ್ತು, ಇವರ ಮಾತು ಅಲ್ಲಿಗೆ ಹೋಗ್ತಿರಲಿಲ್ಲ.

ನಾನು ಹಾಸನದೋನು. ಗುಜರಿ ಸಾಮಾನಲ್ಲಿ ಒಂದು ಎಸ್‌ಡಬ್ಲ್ಯೂಆರ್ ಮೀಟ್ರು ಮಾಡ್ಕಂಡಿದ್ದೆ. ಸೆಟ್ಟಿಂದ ಪವರ್ರು ಕೇಬಲ್ಲಲ್ಲಿ ಆಂಟೆನಾಗೆ ಹೋಗುತ್ತೆ. ಆಂಟೆನಾ ತಗಳ್ಲಿಲ್ಲ ಅಂದ್ರೆ ಅದೇ ದಾರೀಲಿ ವಾಪಸ್ ಬರುತ್ತೆ. ಎಷ್ಟು ವಾಪಸ್ ಬಂತು ಅಂತ ಮೀಟ್ರು ಹೇಳುತ್ತೆ. ಇಷ್ಟು ಓದ್ಕಂಡು ನಾನೇ ಇಂಜಿನಿಯರ್ರು ಅನ್ಕಂಡಿದ್ದೆ. ಮೇಷ್ಟ್ರು ಕರೆದ್ರು, ಹೋದೆ. ಸೆಟ್ಟಿಗೂ ಕೇಬಲ್ಲಿಗೂ ಮಧ್ಯ ಮೀಟ್ರು ಸಿಗಿಸಿದೆ. ಮುಳ್ಳು ಅಳ್ಳಾಡ್ಲೇ ಇಲ್ಲ.

"ವಾಪಸ್ಸೇ ಬತ್ತಿಲ್ಲ ಸಾ. ಆಂಟೆನಾ ಫಸ್ಟ್ ಕ್ಲಾಸು. ನಿಮ್ ಸೆಟ್ಟೇ ಕೆಟ್ಟಿರೋದು."

"ಹೊರಗೆ ಹೋಗಿ ಒಂದ್ಸಲ ನೋಡ್ತೀಯೇನಯ್ಯ? ಮಳೆ ಜೋರಿತ್ತು."

"ಮೀಟ್ರೇ ಹೇಳ್ತಿರುವಾಗ ಇನ್ನೇನ್ ಸಾ ನೋಡೋದು?"

ಅವರ ಹೆಂಡ್ತಿ ಅಡುಗೆಮನೆಯಿಂದ ನಕ್ಕರು. "ಊರಿಗೆಲ್ಲ ಪಾಠ ಮಾಡಿದೋರಿಗೆ ಈಗ ನೀನು ಪಾಠ ಮಾಡ್ತೀಯೇನೋ?"

"ಸುಮ್ನಿರೇ, ಹುಡುಗ ಓದ್ಕೊಂಡಿದಾನೆ" ಅಂದ್ರು ಮೇಷ್ಟ್ರು.

ಅವರಿಗೆ ಕಣ್ಣಲ್ಲಿ ಪೊರೆ ಬಂದಿತ್ತು. ಆದ್ರೂ ನಾನು ಹೇಳ್ದೆ ಅಂತ ಭೂತಗನ್ನಡಿ ಹಿಡ್ಕಂಡು ಮೂರು ವಾರ ಕೂತು ಸೆಟ್ ಬಿಚ್ಚಿದ್ರು. ಸೋಲ್ಡ್ರಿಂಗ್ ಬಿಡಿಸಿದ್ರು, ಕಾಯಿಲ್ ಬಿಚ್ಚಿ ಮತ್ತೆ ಸುತ್ತಿದ್ರು. ಕೊನೆಗೆ ಅದು ಸದ್ದೇ ಮಾಡದಂಗಾಯ್ತು.

ತಪ್ಪು ಅವರ ಸೆಟ್ಟಿಂದೇ ಅಂತ ತೋರ್ಸೋಕೆ ನನ್ನ ಸೆಟ್ಟು ಹೊತ್ಕಂಡು ಹೋದೆ. ಅವತ್ತೂ ಮುಳ್ಳು ಅಳ್ಳಾಡ್ಲಿಲ್ಲ. ಖುಷೀಲಿ ಕೈ ತೊಳೆಯೋಕೆ ಹಿತ್ತಲಿಗೆ ಹೋದ್ರೆ, ಹಿಂದಿನ ದಿನದ ಗಾಳಿಗೆ ಆಂಟೆನಾ ತಂತಿ ಕಿತ್ಕಂಡು ದಾಸವಾಳದ ಗಿಡದ ಮೇಲೆ ಬಿದ್ದಿತ್ತು. ಕೇಬಲ್ಲಿನ ತುದಿ ಗಾಳೀಲಿ ನೇತಾಡ್ತಿತ್ತು. ಆಂಟೆನಾನೇ ಇಲ್ಲ, ನನ್ನ ಮೀಟ್ರು ಫಸ್ಟ್ ಕ್ಲಾಸು ಅಂತಿದೆ.

ಕೇಬಲ್ ಕುಯ್ದು ನೋಡ್ದೆ. ನೀರು ಇಳಿದು ಒಳಗಿನ ತಾಮ್ರ ಕಪ್ಪಗಾಗಿತ್ತು. ಹೋಗೋ ಪವರ್ರನ್ನೂ ಅದೇ ನುಂಗ್ತಿತ್ತು, ವಾಪಸ್ ಬರೋದನ್ನೂ ಅದೇ ನುಂಗ್ತಿತ್ತು. ಕೆಳಗೆ ಕೂತಿದ್ದ ಮೀಟ್ರಿಗೆ ಏನು ಗೊತ್ತಾಗ್ಬೇಕು.

"ನೆನ್ನೆ ಗಾಳೀಲಿ ಕೇಬಲ್ ಹಾಳಾಗಿದೆ ಸಾ" ಅಂದ್ಬುಟ್ಟೆ.

ಮೇಷ್ಟ್ರು ಆ ಕಪ್ಪು ತಾಮ್ರನ ಕಣ್ಣಿನ ಹತ್ರ ತಂದು ನೋಡಿದ್ರು, ಉಗುರಲ್ಲಿ ಕೆರೆದ್ರು. ತಾಮ್ರ ಒಂದು ರಾತ್ರಿಗೆ ಕಪ್ಪಾಗಲ್ಲ ಅಂತ ಸೈನ್ಸ್ ಮೇಷ್ಟ್ರಿಗೆ ನಾನು ಹೇಳ್ಬೇಕಾ.

ಹೊಸ ಕೇಬಲ್ ಎಳೆದೆ. ಅವರ ಸೆಟ್ಟನ್ನ ಹಾಸನಕ್ಕೆ ತಂದು ಒಂದು ತಿಂಗಳು ಒದ್ದಾಡಿದೆ, ಎದ್ದೇಳ್ಲಿಲ್ಲ. ವಾಪಸ್ ಕೊಡೋಕೆ ಹೋದಾಗ ಅವರ ಹೆಂಡ್ತಿ ಕಾಫಿ ಕೊಡ್ತಾ ಏನಾಗಿತ್ತಂತೆ ಅಂತ ಕೇಳಿದ್ರು.

"ಸೆಟ್ಟೇ ಕೆಟ್ಟಿತ್ತು ಕಣೇ, ಇವನು ಅವತ್ತೇ ಹೇಳಿದ್ದ" ಅಂದ್ರು ಮೇಷ್ಟ್ರು. "ಇರಲಿ, ಭಾನುವಾರ ಬಸ್ಸಲ್ಲಿ ಅರಕಲಗೂಡಿಗೆ ಹೋಗಿ ಮಾತಾಡ್ಕೊಂಡು ಬರ್ತೀನಿ."

ಇಲ್ಲ, ಕೆಟ್ಟಿದ್ದು ಕೇಬಲ್ಲು ಅನ್ನೋಕೆ ಕಾಫಿ ಮುಗಿಯೋವರೆಗೂ ಹೊತ್ತಿತ್ತು. ಕಾಫಿ ಕುಡಿದು ಲೋಟ ಇಟ್ಟೆ.