ಪುಟ್ಟಸ್ವಾಮಿಯವರ ಒಂದು ತಪ್ಪು

ಅಮೆರಿಕದ ಕ್ಯಾರಲ್ಟನ್ನಿನಲ್ಲಿ ನೆಲೆಸಿರುವ ಪುಟ್ಟಸ್ವಾಮಿಯವರಿಗೆ ಬೇಸ್‌ಬಾಲ್ ಎಂದರೆ ಬಂಟ್. ಬ್ಯಾಟು ಬೀಸದೆ ಚೆಂಡನ್ನು ಮೆಲ್ಲಗೆ ತಡೆದು ಕಾಲಬುಡದಲ್ಲೇ ಉರುಳಿಸಿ, ತಾನು ಔಟಾದರೂ ಜೊತೆಗಾರನನ್ನು ಓಟದ ಮುಂದಿನ ನಿಲುಗಡೆಯಾದ ಬೇಸ್‌ಗೆ ಸಾಗಿಸುವ ಆ ವಿದ್ಯೆ ಬಾರದವನನ್ನು ಅವರು ಆಟಗಾರನೆಂದೇ ಎಣಿಸುವುದಿಲ್ಲ. ಭಾನುವಾರ ಟಿವಿಯಲ್ಲಿ ಪಂದ್ಯ ನೋಡಲು ಬರುವ ಪಕ್ಕದೂರು ಪ್ಲೇನೋದ ಹುಡುಗ ರಕ್ಷಿತ್, "ಅಂಕಲ್, ಚೆಂಡನ್ನ ಗ್ಯಾಲರಿಗೆ ಎತ್ತಿ ಹೋಮ್ ರನ್ ಹೊಡೆದವರ ಹೆಸರೇ ಉಳಿಯೋದು, ಬಂಟ್ ಯಾರಿಗ್ ಬೇಕು?" ಎಂದು ಕೆಣಕಿದರೆ, "ಒಗ್ಗರಣೆ ಸದ್ದು ಕೇಳಿ ಊಟ ಚೆನ್ನಾಗಿದೆ ಅನ್ನೋನಪ್ಪಾ ನೀನು" ಎನ್ನುತ್ತಾರೆ. ಬಿಸಿಲಿಗೆ ಹೆದರಿ ಛಾವಣಿ ಹೊದ್ದ ಹೊಸ ಮೈದಾನವನ್ನು ಅವರು ಮದುವೆ ಛತ್ರವೆಂದೇ ಕರೆಯುವುದು. ಮೂವತ್ತು ವರ್ಷಗಳ ಅಂಕಿಅಂಶಗಳಲ್ಲಿ ಎಂದೂ ಎಡವದ ಅವರು ಪ್ರತಿವಾರ ಒಂದು ಮಾತನ್ನು ಮಾತ್ರ ಬೇಕೆಂದೇ ತಪ್ಪಾಗಿ ಹೇಳುತ್ತಾರೆ: "ಹಳೇ ಮೈದಾನದಲ್ಲಿ ನಾವಿಬ್ರು ಮೊದಲು ನೋಡಿದ ಬಂಟ್ ಮೂರನೇ ಬೇಸ್ ಕಡೆ ಉರುಳಿತ್ತು." ಆಗ, ಮಗಳ ಹೆಸರನ್ನೂ ಮರೆತಿರುವ ಹೆಂಡತಿ ರಮಾ ಸೋಫಾದ ಮೂಲೆಯಿಂದ, "ಒಂದನೇ ಬೇಸ್ ಕಡೆ ರೀ" ಎಂದು ತಿದ್ದುತ್ತಾರೆ. ಸೋತ ಪುಟ್ಟಸ್ವಾಮಿಯವರ ಮುಖ ಅರಳುತ್ತದೆ. ಈ ಭಾನುವಾರವೂ ಅವರು ಮೂರನೇ ಬೇಸ್ ಎಂದರು. ರಮಾ ಕಿಟಕಿಯ ಕಡೆಗೇ ನೋಡುತ್ತಿದ್ದರು. ರಕ್ಷಿತ್ ಟಿವಿಯ ಸದ್ದು ತಗ್ಗಿಸಿದ. ಪುಟ್ಟಸ್ವಾಮಿಯವರು ಹೆಂಡತಿಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡು, ಅದೇ ತಪ್ಪನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿದರು.