ಮೋತಿ ಮಲಗಿದ ಮಧ್ಯಾಹ್ನ

ಅಡಿಗೆಮನೆಯಲ್ಲಿ ತಮ್ಮನ ಸೊಸೆ ಹುರುಳಿ ಬೇಯಿಸುತ್ತಿದ್ದಾಳೆ, ಕಟ್ಟಿನ ಸಾರಿಗಂತೆ. ಆ ವಾಸನೆಗೆ ನಿಮಗೆ ಹಸಿವಾಗುತ್ತದೋ ಏನೋ, ನನಗಂತೂ ಕುದುರೆ ನೆನಪಾಗುತ್ತದೆ. ಕುದುರೆ ಎಂದರೆ ರಾಜರು ಏರುವಂಥದ್ದಲ್ಲ. ನನ್ನ ಎದೆಯ ಮಟ್ಟಕ್ಕೂ ಬಾರದ ಒಂದು ತಟ್ಟು. ಹೆಸರು ಮೋತಿ.

ಆಗ ನಾವು ಸನವಳ್ಳಿಯಲ್ಲಿದ್ದೆವು. ಎಲ್ಲೋ ದೂರದಲ್ಲಿ ಯುದ್ಧ ನಡೆದಿತ್ತು, ನಮ್ಮಲ್ಲಿ ಸೀಮೆಎಣ್ಣೆಗೆ ಪರದಾಟ. ನನಗೆ ಹದಿನಾರೋ ಹದಿನೇಳೋ. ಚಿಕ್ಕಂದಿನಲ್ಲಿ ಬಂದ ಜ್ವರ ಹೋಗುವಾಗ ಬಲಗಾಲಿನ ಶಕ್ತಿಯನ್ನೂ ಒಯ್ದಿತ್ತು. ಮನೆಯವರು ಗದ್ದೆಗೆ ಹೋದರೆ ಸಂಜೆಯವರೆಗೆ ಕಟ್ಟೆಯ ಮೇಲೆ ನಾನು ಮತ್ತು ನನ್ನ ಕೋಲು. ನನ್ನ ಅಕ್ಕ ಶಾಂತಕ್ಕನನ್ನು ಅತ್ತಿವೇರಿಗೆ ಮದುವೆ ಮಾಡಿ ಕೊಟ್ಟ ಮೇಲೆ ಮಾತಿಗೂ ಜನ ಇರಲಿಲ್ಲ. ಕೋಳಿಗಳಿಗೆ ಕಥೆ ಹೇಳುತ್ತಿದ್ದೆ. ಅವೂ ಮುಗಿಯುವವರೆಗೆ ನಿಲ್ಲುತ್ತಿರಲಿಲ್ಲ.

ಪಕ್ಕದ ಮನೆ ಇಮಾಮಸಾಬ ಕಾಕಾನದು. ತಟ್ಟಿನ ಮೇಲೆ ಉಪ್ಪು, ಮೆಣಸಿನಕಾಯಿ ಹೇರಿಕೊಂಡು ಊರೂರು ತಿರುಗಿ ಮಾರುತ್ತಿದ್ದ. ಹೆಂಡತಿ ತೀರಿಹೋಗಿದ್ದಳು, ಮಗ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿದ್ದ. ನಾನು ಅಕ್ಕನನ್ನು ನೆನೆದು ಅಳುವುದನ್ನು ಕಂಡು ಒಂದು ದಿನ ಅಂದ:

“ಅಕ್ಕನ ಊರಿಗೆ ಮೋತಿ ಮ್ಯಾಲ ಹೋಗೂಣು ನಡಿ ಮಗಳ. ಎತ್ತಿ ಕೂಡಸ್ತೇನಿ.”

ಮೂಟೆಯ ಹಾಗೆ ಎತ್ತಿಸಿಕೊಂಡು ನನಗೆ ಸಾಕಾಗಿತ್ತು. “ಎತ್ತೂದು ಬ್ಯಾಡ್ರಿ ಕಾಕಾ. ಅದು ಕೆಳಗ ಮಲಗಿದ್ರ ನಾನ ಹತ್ತತೇನಿ.”

ಅವನು ನಕ್ಕ. “ಕುದುರಿ ಅಂದ್ರ ಅಂಜಬುರಕ ಪ್ರಾಣಿ. ಬಾಜೂಕ ಯಾರರ ಎಚ್ಚರ ಅದಾರ ಅಂತ ನಂಬಿಗಿ ಬಂದ್ರಷ್ಟ ಮಲಗತೈತಿ. ಇದರ ಜೋಡಿ ಕುದುರಿ ಸತ್ತಾಗಿಂದ ಇದು ನಿಂತ ನಿದ್ದಿ ಮಾಡತೈತಿ.”

ಅಂದಿನಿಂದ ಮಧ್ಯಾಹ್ನವೆಲ್ಲ ಅವನ ಹಿತ್ತಲಲ್ಲಿ ಕೂರತೊಡಗಿದೆ. ಹೇರು ಇಳಿಸಿದ ಕೂಡಲೇ ಮಣ್ಣಿನಲ್ಲಿ ಹೊರಳುವ ಆಸೆ ಮೋತಿಗೆ. ಮುಂಗಾಲು ಮಡಚುವ ಹೊತ್ತಿಗೆ ಸರಿಯಾಗಿ ನಾನು “ಮಲಕೋ” ಎನ್ನುತ್ತಿದ್ದೆ. ಅದು ಬೆದರಿ ನೆಟ್ಟಗೆ ನಿಲ್ಲುತ್ತಿತ್ತು. ನಾನು ಕೊಟ್ಟ ಬೇಯಿಸಿದ ಹುರುಳಿಯನ್ನು ಮಾತ್ರ ಮರ್ಯಾದೆಯಿಂದ ತಿಂದು ಮುಖ ತಿರುಗಿಸುತ್ತಿತ್ತು. ಬೇಸರ ಕಳೆಯಲು ಅದಕ್ಕೆ ಶಾಂತಕ್ಕನ ಸುದ್ದಿಯೆಲ್ಲ ಹೇಳಿದೆ. ಕೋಳಿಗಳಿಗಿಂತ ಇದು ವಾಸಿ, ಕಿವಿಯನ್ನಾದರೂ ಇತ್ತ ತಿರುಗಿಸುತ್ತಿತ್ತು.

ಮಳೆ ನಿಂತು ಬಿಸಿಲು ಬಿದ್ದ ಒಂದು ಮಧ್ಯಾಹ್ನ ಅದರ ಮುಂಗಾಲಿನ ಗಂಟಿಗೆ ಕೈ ತಾಗಿಸಿ ಮೆಲ್ಲಗೆ “ಮಲಕೋ” ಅಂದೆ. ಮೊಣಕಾಲೂರಿತು. ಉಸ್ಸೆಂದು ಉಸಿರು ಬಿಟ್ಟು ಪಕ್ಕಕ್ಕೆ ಒರಗಿತು. ಏಳಲಿಲ್ಲ, ಕಣ್ಣು ಮುಚ್ಚಿತು. ನಾನು ಹತ್ತುವುದನ್ನೂ ಮರೆತು ಅಳುತ್ತ ಕೂತೆ. ನನ್ನನ್ನು ನೋಡಿಕೊಳ್ಳುವವರು ಮನೆ ತುಂಬ ಇದ್ದರು. ನನ್ನ ಕಾವಲನ್ನು ನಂಬಿ ನಿದ್ದೆ ಹೋದದ್ದು ಅದೊಂದೇ.

ಹತ್ತುವುದೇನೂ ಸುಲಭವಾಗಲಿಲ್ಲ. ಮೊದಲ ಸಲ ಅದು ಮುಂಗಾಲೂರಿ ಎದ್ದಾಗ ನಾನು ಬಾಲದ ಕಡೆಯಿಂದ ಜಾರಿ ಮಣ್ಣು ತಿಂದೆ. ಆದರೆ ಸುಗ್ಗಿಯ ಹೊತ್ತಿಗೆ, ಕಾಕಾ ಮುಂದೆ ನಡೆಯುತ್ತಿರಲು, ನಾನು ಅತ್ತಿವೇರಿಯ ಅಕ್ಕನ ಅಂಗಳದಲ್ಲಿದ್ದೆ. ಎತ್ತಿಕೊಳ್ಳಲು ಓಡಿ ಬಂದ ಅಕ್ಕನನ್ನು ತಡೆದೆ. “ತಡಿ ಅಕ್ಕಾ, ನಾನ ಇಳೀತೇನಿ.” ಮೋತಿ ಮಲಗಿತು, ಇಳಿದೆ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತುಬಿಟ್ಟಳು.

ಮುಂದೆ ಕಾಕಾನ ಕಣ್ಣು ಮಂಜಾಯಿತು. ಮಗ ಬಂದು ಅವನನ್ನೂ ಮೋತಿಯನ್ನೂ ದಾಂಡೇಲಿಗೆ ಕರೆದೊಯ್ದ. ನಾನು ಮತ್ತೆ ಕಟ್ಟೆಗೆ ಬಂದೆ. ಬಹಳ ದಿನಗಳ ಮೇಲೆ ಕಾಕಾ ಒಮ್ಮೆ ಊರಿಗೆ ಬಂದಿದ್ದ.

“ಮೋತಿ ಹೆಂಗೈತ್ರಿ?”

“ಹೋತವ್ವಾ.” ಕೈಯಿಂದ ತಡವಿ ಕಟ್ಟೆಯ ಮೇಲೆ ಕೂತ. “ಅಲ್ಲಿ ಲಾರಿ ಸಪ್ಪಳಕ್ಕ ನಿಂತ ನಿಂತ ಸೊರಗಿತು. ಮಲಕೋ ಅಂದ್ರ ದಾರಿ ಕಡೆ ನೋಡತಿತ್ತು, ನೀ ಬಂದೀ ಏನಂತ.”

“ಕಡೀಕ?”

“ಕಡೀಕ ಮಲಗೇ ಹೋತು. ನಾ ಬಾಜೂಕ ಕುಂತಿದ್ದೆ.”

ನಿಜವೋ, ನನ್ನ ಸಮಾಧಾನಕ್ಕೆ ಹೇಳಿದನೋ, ಕೇಳಲಿಲ್ಲ.

ಈಗ ಊಟ ಮುಗಿದಿದೆ. ಊಟವಾದ ಮೇಲೆ ನನಗೊಂದು ಚಟ. ಪಾತ್ರೆಗಳ ಸದ್ದು ಕೇಳಬಾರದೆಂದು ಕೋಣೆಯ ಬಾಗಿಲು ಹಾಕಿ ಮಲಗುತ್ತೇನೆ, ನಿದ್ದೆ ಬಾರದೆ ಹೊರಳುತ್ತೇನೆ. ಇವತ್ತು ಬಾಗಿಲು ಹಾಕಲಿಲ್ಲ. ಒಳಗೆ ತಮ್ಮನ ಸೊಸೆ ಎಚ್ಚರವಿದ್ದಾಳೆ, ತಾಟು ತೊಳೆಯುತ್ತ ಏನೋ ಗುನುಗುತ್ತಿದ್ದಾಳೆ. ರೆಪ್ಪೆ ಭಾರವಾಗುತ್ತಿದೆ.